‘ಹೊರಗೆ’ ಅಂದರು, ‘ಎಲ್ಲಿಗೆ’ ಅನ್ನಲಿಲ್ಲ: ಜನಮತಗಣನೆಯೂ ಮತದಾರರ ಪಶ್ಚಾತ್ತಾಪವೂ

(ಬೆಳಗಾವಿಯಲ್ಲಿ ಕಾಲೇಜು ವಿದ್ಯಾರ್ಥಿಗಳಿಗೂ ಸಾರ್ವಜನಿಕರಿಗೂ ನೀಡಿದ ಉಪನ್ಯಾಸದ ಬರಹ ರೂಪ)

ಮೊದಲು ಅಂಕಿಗಳನ್ನು ಮುಂದಿಟ್ಟುಕೊಳ್ಳೋಣ. 2016ರ ಜೂನ್ 23, ಗುರುವಾರ. ಯುರೋಪಿಯನ್ ಒಕ್ಕೂಟದಲ್ಲಿ ಉಳಿಯಬೇಕೋ, ಹೊರಬರಬೇಕೋ ಎಂದು ಬ್ರಿಟನ್ ತನ್ನ ಮತದಾರರನ್ನು ಕೇಳಿತು. ‘ಬ್ರೆಕ್ಸಿಟ್’ ಜನಮತಗಣನೆ ಅಂದರೆ ಇದೇ. ಹೊರಬರೋಣ ಅಂದವರು 1,74,10,742. ಉಳಿಯೋಣ ಅಂದವರು 1,61,41,241. ಅಂತರ 12,69,501. ಶೇಕಡಾ ಲೆಕ್ಕದಲ್ಲಿ 51.9ಕ್ಕೆ 48.1. ಮತದಾನ ಶೇ. 72.2. ಮತದಾರರ ಪಟ್ಟಿಯಲ್ಲಿ ಹೆಸರಿದ್ದವರು 4 ಕೋಟಿ 65 ಲಕ್ಷ. ಅವರೆಲ್ಲರನ್ನೂ ಲೆಕ್ಕಕ್ಕೆ ಹಿಡಿದರೆ ಹೊರಬರೋಣ ಅಂದವರು ಶೇ. 37ರ ಸುಮಾರು. ಕಾಗದ ಪೆನ್ನು ತಂದವರು ಇಷ್ಟನ್ನು ಗುರುತು ಹಾಕಿಕೊಳ್ಳಿರಿ. ಮುಂದೆ ಇವುಗಳ ಮೇಲೆಯೇ ಕೂಡಿಸಿ ಕಳೆಯುವುದಿದೆ.

ಇದು ದೂರದ ದೇಶದ ಮಾತು, ನಮಗೇನು ಸಂಬಂಧ ಅನ್ನಬೇಡಿರಿ. ಅಂದು ಮತದ ಹಕ್ಕು ಬ್ರಿಟನ್ನಿನ ಪ್ರಜೆಗಳಿಗಷ್ಟೇ ಇರಲಿಲ್ಲ. ಅಲ್ಲಿ ನೆಲೆಸಿ ಹೆಸರು ನೋಂದಾಯಿಸಿಕೊಂಡ ಐರ್ಲೆಂಡಿನವರಿಗೂ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೂ ಇತ್ತು. ಅಂದರೆ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಲಂಡನ್ನಿನಲ್ಲಿ ಕೆಲಸಕ್ಕಿದ್ದ ಬೆಳಗಾವಿಯ ಹುಡುಗ ಮತ ಹಾಕಬಹುದಿತ್ತು. ಹತ್ತು ವರ್ಷದಿಂದ ಅದೇ ಊರಿನಲ್ಲಿ ದುಡಿಯುತ್ತಿದ್ದ ಪೋಲೆಂಡಿನ ಪ್ರಜೆ ಹಾಕುವಂತಿರಲಿಲ್ಲ. ಯಾರ ಬದುಕು ಈ ತೀರ್ಮಾನದಿಂದ ಎಲ್ಲರಿಗಿಂತ ಹೆಚ್ಚು ಅಲ್ಲಾಡಲಿತ್ತೋ ಅವರಿಗೇ ಮತ ಇರಲಿಲ್ಲ. ವಿದೇಶಕ್ಕೆ ಹೋಗಿ 15 ವರ್ಷ ದಾಟಿದ ಬ್ರಿಟಿಷರಿಗೂ ಇರಲಿಲ್ಲ. ಸ್ಕಾಟ್ಲೆಂಡಿನ 2014ರ ಜನಮತಗಣನೆಯಲ್ಲಿ 16 ವರ್ಷದವರಿಗೆ ಮತ ಕೊಟ್ಟಿದ್ದರು, ಇಲ್ಲಿ ಕೊಡಲಿಲ್ಲ. ಫಲಿತಾಂಶದ ಮೇಲಿನ ಸಿಟ್ಟಿಗೆ ಅರ್ಧ ಬೇರು ಈ ಪಟ್ಟಿಯಲ್ಲೇ ಇತ್ತು.

ಶುಕ್ರವಾರ ಬೆಳಿಗ್ಗೆ ನಡೆದದ್ದನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ. ರಾತ್ರಿ 1.50 ಡಾಲರ್ ಮುಟ್ಟಿದ್ದ ಪೌಂಡ್ ಬೆಳಗಾಗುವುದರೊಳಗೆ 1985ರಿಂದೀಚೆಗೆ ಕಾಣದ ಮಟ್ಟಕ್ಕೆ ಕುಸಿಯಿತು. ಪ್ರಧಾನಿ ಡೇವಿಡ್ ಕ್ಯಾಮರನ್ ರಾಜೀನಾಮೆ ಘೋಷಿಸಿದರು. ಸ್ಕಾಟ್ಲೆಂಡ್ ಶೇ. 62, ಉತ್ತರ ಐರ್ಲೆಂಡ್ ಶೇ. 56ರ ಹತ್ತಿರ ‘ಉಳಿಯೋಣ’ ಅಂದಿದ್ದವು. ಇಂಗ್ಲೆಂಡ್ ಮತ್ತು ವೇಲ್ಸ್ ‘ಹೊರಬರೋಣ’ ಅಂದಿದ್ದವು. ಒಂದೇ ದೇಶ ನಾಲ್ಕು ದಿಕ್ಕಿಗೆ ಜಗ್ಗತೊಡಗಿತು. ಬೀದಿಯಲ್ಲಿ ಬೇರೆ ಭಾಷೆ ಮಾತಾಡಿದವರ ಮೇಲೆ ಕೂಗಾಟ, ಹಲ್ಲೆಗಳು ನಡೆದವು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಪೊಲೀಸರು ಆ ಜುಲೈ ತಿಂಗಳಲ್ಲಿ ದಾಖಲಿಸಿದ ಜನಾಂಗ ಹಾಗೂ ಧರ್ಮದ್ವೇಷದ ಅಪರಾಧಗಳು ಹಿಂದಿನ ಜುಲೈಗಿಂತ ಶೇ. 41 ಹೆಚ್ಚು. ಮತದಾನಕ್ಕೆ ಒಂದು ವಾರ ಮುಂಚೆ, ಜೂನ್ 16ರಂದು, ಜೋ ಕಾಕ್ಸ್ ಎಂಬ ಸಂಸದೆಯನ್ನು ತನ್ನದೇ ಕ್ಷೇತ್ರದ ಬೀದಿಯಲ್ಲಿ ಕೊಂದಿದ್ದರು ಎಂಬುದನ್ನು ಮರೆಯಬಾರದು.

ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಆ ವಾರದ ಮೂರು ಸುದ್ದಿಗಳ ಹತ್ತಿರ. ಮೂರೂ ಜಗತ್ತು ಸುತ್ತಿದವು. ಮೂರನ್ನೂ ಜನ ತಪ್ಪಾಗಿ ಓದಿದರು.

ಮೊದಲನೆಯದು ಬಸ್ಸಿನದು. ‘ಹೊರಬರೋಣ’ ಪಾಳಯದ ಅಧಿಕೃತ ಪ್ರಚಾರದ ಕೆಂಪು ಬಸ್ಸಿನ ಮೇಲೆ, ಯುರೋಪಿಗೆ ವಾರಕ್ಕೆ 35 ಕೋಟಿ ಪೌಂಡ್ ಕಳಿಸುತ್ತಿದ್ದೇವೆ, ಅದನ್ನು ನಮ್ಮ ಸರ್ಕಾರಿ ಆರೋಗ್ಯ ಸೇವೆಗೆ ಹಾಕೋಣ ಎಂದು ಬರೆದಿತ್ತು. ಆ ಮೊತ್ತ ಬಂದದ್ದು ಹೇಗೆ? ಅದು ರಿಯಾಯಿತಿ ಕಳೆಯುವ ಮುಂಚಿನ ಲೆಕ್ಕ. 1984ರಲ್ಲಿ ಮಾರ್ಗರೆಟ್ ಥ್ಯಾಚರ್ ಹಟ ಹಿಡಿದು ಪಡೆದ ರಿಯಾಯಿತಿ, ಹಣ ಕಳಿಸುವ ಮೊದಲೇ ಕಡಿತವಾಗುತ್ತಿತ್ತು. ಆ ಹಣ ದೇಶ ಬಿಟ್ಟು ಹೋಗುತ್ತಲೇ ಇರಲಿಲ್ಲ. ಅದನ್ನು ಕಳೆದರೆ ವಾರಕ್ಕೆ ಸುಮಾರು 25 ಕೋಟಿ. ರೈತರಿಗೆ, ಹಿಂದುಳಿದ ಪ್ರದೇಶಗಳಿಗೆ ತಿರುಗಿ ಬರುತ್ತಿದ್ದುದನ್ನೂ ಕಳೆದರೆ ಇನ್ನೂ ಕಡಿಮೆ. ಇದು ದಾರಿ ತಪ್ಪಿಸುವ ಅಂಕಿ ಎಂದು ದೇಶದ ಅಂಕಿಅಂಶ ಪ್ರಾಧಿಕಾರ ಮತದಾನಕ್ಕೆ ಮುಂಚೆಯೇ ಹೇಳಿತ್ತು. ಫಲಿತಾಂಶದ ಬೆಳಿಗ್ಗೆ ಟಿವಿಯಲ್ಲಿ, ‘ಹೊರಬರೋಣ’ ಎಂದು ಪ್ರಚಾರ ಮಾಡಿದ್ದ ರಾಜಕಾರಣಿ ನೈಜಲ್ ಫರಾಜ್ ಆ ಮಾತು ಕೊಟ್ಟದ್ದು ತಪ್ಪು ಅಂದರು. ‘ನೋಡ್ರಿ, ಗೆದ್ದ ಮರುದಿನವೇ ಕೈ ತೊಳಕೊಂಡರು’ ಎಂದು ಸುದ್ದಿಯಾಯಿತು. ಆದರೆ ಆ ಬಸ್ಸು ಅವರದಲ್ಲ. ಅವರು ಬೇರೆ ಗುಂಪಿನಲ್ಲಿದ್ದರು. ಇದು ಸಣ್ಣ ವಿಷಯವಲ್ಲ. ಜನಮತಗಣನೆಯಲ್ಲಿ ಗೆದ್ದ ಪಾಳಯ ಸರ್ಕಾರ ಆಗುವುದಿಲ್ಲ. ಪಕ್ಷವಾದರೆ ಐದು ವರ್ಷಕ್ಕೆ ಮತ್ತೆ ಮನೆ ಬಾಗಿಲಿಗೆ ಬರಬೇಕು. ಪ್ರಚಾರ ಸಮಿತಿ ಮರುದಿನ ಕರಗಿಹೋಗುತ್ತದೆ. ಕೊಟ್ಟ ಮಾತನ್ನು ಯಾರ ಹತ್ತಿರ ಕೇಳಬೇಕು?

ಎರಡನೆಯದು ಗೂಗಲ್. ಮತ ಎಣಿಕೆ ಮುಗಿದ ಮೇಲೆ ‘ಯುರೋಪಿಯನ್ ಒಕ್ಕೂಟ ಅಂದರೇನು’ ಎಂದು ಬ್ರಿಟನ್ನಿನ ಜನ ಹುಡುಕಿದರು ಎಂಬ ಸುದ್ದಿ. ಇಲ್ಲಿಯ ಪತ್ರಿಕೆಗಳಲ್ಲೂ ಬಂದಿತ್ತು. ಮತ ಹಾಕಿದ ಮೇಲೆ ವಿಷಯ ತಿಳಕೊಳ್ಳಲು ಹೊರಟ ದಡ್ಡರು ಎಂದು ಎಲ್ಲರೂ ನಕ್ಕರು. ಆ ನಗು ಅನ್ಯಾಯದ್ದು. ಗೂಗಲ್ ಟ್ರೆಂಡ್ಸ್ ಎಷ್ಟು ಜನ ಹುಡುಕಿದರು ಎಂದು ಹೇಳುವುದಿಲ್ಲ. ಆಯ್ದ ಅವಧಿಯಲ್ಲಿ ಅತಿ ಹೆಚ್ಚು ಹುಡುಕಾಟ ಆದ ಗಳಿಗೆಗೆ 100 ಎಂದು ಅಂಕ ಕೊಟ್ಟು ಉಳಿದದ್ದನ್ನು ಅದಕ್ಕೆ ಹೋಲಿಸುತ್ತದೆ. ನಿನ್ನೆ ಹತ್ತು ಜನ, ಇಂದು ಮೂವತ್ತು ಜನ ಹುಡುಕಿದರೂ ‘ಮೂರು ಪಟ್ಟು ಏರಿಕೆ’ಯೇ. ಹುಡುಕಿದವರು ಮತ ಹಾಕಿದ್ದರೋ ಇಲ್ಲವೋ, ಹಾಕಿದ್ದರೆ ಯಾವ ಕಡೆಗೆ, ಶಾಲೆಯ ಮಕ್ಕಳೋ, ಪ್ರವಾಸಿಗರೋ, ಒಂದೂ ಅದರಿಂದ ತಿಳಿಯುವುದಿಲ್ಲ. ಹೀಗಾಗಿ ಪಶ್ಚಾತ್ತಾಪಕ್ಕೆ ಅದು ಪುರಾವೆಯೇ ಅಲ್ಲ.

ಮೂರನೆಯದು ಸಂಸತ್ತಿನ ಜಾಲತಾಣದಲ್ಲಿನ ಸಹಿ ಅರ್ಜಿ. ಗೆದ್ದ ಕಡೆಗೆ ಶೇ. 60ಕ್ಕಿಂತ ಕಡಿಮೆ ಮತ, ಒಟ್ಟು ಮತದಾನ ಶೇ. 75ಕ್ಕಿಂತ ಕಡಿಮೆ ಇದ್ದರೆ ಇನ್ನೊಂದು ಜನಮತಗಣನೆ ಆಗಬೇಕು ಎಂಬ ಬೇಡಿಕೆ. 41 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. 77 ಸಾವಿರದಷ್ಟು ಸಹಿಗಳನ್ನು ನಕಲಿ ಎಂದು ತೆಗೆದುಹಾಕಿದರು. ಆಮೇಲೂ ಅಷ್ಟು ಉಳಿದವು. ಇದರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ ಒಂದಿದೆ. ಆ ಅರ್ಜಿ ಹಾಕಿದ್ದು ಮತದಾನಕ್ಕೆ ಒಂದು ತಿಂಗಳು ಮುಂಚೆ, ‘ಹೊರಬರೋಣ’ ಎನ್ನುವ ಪಕ್ಷದವರೊಬ್ಬರು. ತಮ್ಮ ಕಡೆ ಸೋಲುತ್ತದೆ ಎಂಬ ಅಂಜಿಕೆಯಿಂದ ಹಾಕಿದ್ದರು. ಫಲಿತಾಂಶ ತಿರುಗಿದ ಮೇಲೆ ಎದುರಿನವರು ಅದನ್ನೇ ಕೈಗೆತ್ತಿಕೊಂಡರು. ಇಷ್ಟು ಶೇಕಡಾ ಬೇಕು ಎಂಬ ಕಟ್ಟಳೆಯನ್ನು ಮತಪೆಟ್ಟಿಗೆ ತೆರೆಯುವ ಮೊದಲು ಹಾಕಬೇಕು. ತೆರೆದ ಮೇಲೆ ಹಾಕಿದರೆ ಅದು ಕಟ್ಟಳೆ ಅಲ್ಲ, ಸೋತವರ ದೂರು. ಆ ವರ್ಷ ಸೆಪ್ಟೆಂಬರ್ 5ರಂದು ಸಂಸತ್ತಿನಲ್ಲಿ ಅರ್ಜಿಯ ಚರ್ಚೆಯಾಯಿತು, ಅಲ್ಲಿಗೆ ಮುಗಿಯಿತು.

ಹಾಗಾದರೆ ಪಶ್ಚಾತ್ತಾಪ ಇರಲೇ ಇಲ್ಲವೇ? ಇತ್ತು. ಅದನ್ನು ಅಳೆಯುವುದು ಹೇಗೆ ಎಂಬುದಕ್ಕೆ ಈಗ ಬರೋಣ. ಇಲ್ಲಿ ಸಮಾಜಶಾಸ್ತ್ರ, ರಾಜ್ಯಶಾಸ್ತ್ರ ಓದುವವರು ಇದ್ದೀರಿ, ಸ್ವಲ್ಪ ನಿಧಾನವಾಗಿ ಹೋಗುತ್ತೇನೆ.

ಫಲಿತಾಂಶದ ಬೆನ್ನಿಗೇ ನಡೆದ ಒಂದು ಸಮೀಕ್ಷೆಯಲ್ಲಿ ‘ಹೊರಬರೋಣ’ ಅಂದವರಲ್ಲಿ ಶೇ. 7 ಜನ ಪಶ್ಚಾತ್ತಾಪ ಹೇಳಿಕೊಂಡರು. ಪತ್ರಿಕೆಗಳು ಅದನ್ನು ಒಂದು ಕೋಟಿ ಎಪ್ಪತ್ನಾಲ್ಕು ಲಕ್ಷದಿಂದ ಗುಣಿಸಿ ಲಕ್ಷಗಟ್ಟಲೆ ಜನ ಕೊರಗುತ್ತಿದ್ದಾರೆ ಎಂದು ಬರೆದವು. ಗುಣಾಕಾರ ಮಾಡುವ ಮೊದಲು ಭಾಗಾಕಾರ ಮಾಡಬೇಕು. ಸಾಮಾನ್ಯ ಸಮೀಕ್ಷೆ ಸಾವಿರ ಜನರದು ಅನ್ನಿ. ಅದರಲ್ಲಿ ‘ಹೊರಬರೋಣ’ ಎಂದು ಮತ ಹಾಕಿದವರು ಸುಮಾರು 400. ಅವರಲ್ಲಿ ಶೇ. 7 ಅಂದರೆ 28 ಜನ. 400 ಜನರ ಗುಂಪಿನಲ್ಲಿ ಶೇ. 7 ಎಂಬ ಉತ್ತರಕ್ಕೆ ಎರಡೂ ಕಡೆ ಎರಡೂವರೆ ಅಂಶದಷ್ಟು ಹೊಯ್ದಾಟ ಸಹಜ; ನಿಜವಾದ ಅಂಕಿ ನಾಲ್ಕೂವರೆಯೂ ಇರಬಹುದು, ಒಂಬತ್ತೂವರೆಯೂ ಇರಬಹುದು. ಪತ್ರಿಕೆಯ ತಲೆಬರಹ ಅಷ್ಟು ಅಗಲದ ಅನುಮಾನವನ್ನು ನುಂಗಿಬಿಡುತ್ತದೆ. ಆಮೇಲೆ ಎದುರಿನ ಕಡೆಯನ್ನೂ ಕೇಳಬೇಕು. ಬ್ರಿಟಿಷ್ ಚುನಾವಣಾ ಅಧ್ಯಯನದವರು 2016ರಲ್ಲೇ ಎರಡೂ ಕಡೆ ಕೇಳಿದಾಗ ‘ಹೊರಬರೋಣ’ ಅಂದವರಲ್ಲಿ ಶೇ. 6ರಷ್ಟು, ‘ಉಳಿಯೋಣ’ ಅಂದವರಲ್ಲಿ ಶೇ. 1ರಷ್ಟು ಜನ ಪಶ್ಚಾತ್ತಾಪ ಹೇಳಿದರು.

ಅಷ್ಟು ಕಡಿಮೆಯೇ ಎಂದು ಕೇಳುತ್ತೀರಿ. ಹೌದು, ಕಡಿಮೆ. ಆದರೆ ಅಂತರವೂ ಕಡಿಮೆ ಇತ್ತು. ಒಬ್ಬ ಮತದಾರ ಈ ಕಡೆಯಿಂದ ಆ ಕಡೆಗೆ ಹೋದರೆ ಅಂತರ ಎರಡು ಮತದಷ್ಟು ಕುಗ್ಗುತ್ತದೆ. 12,69,501ರಲ್ಲಿ ಅರ್ಧ, ಅಂದರೆ 6,34,751 ಜನ ತಿರುಗಿದ್ದರೆ ಫಲಿತಾಂಶವೇ ತಿರುಗುತ್ತಿತ್ತು. ಅದು ‘ಹೊರಬರೋಣ’ ಅಂದವರಲ್ಲಿ ಶೇ. 3.65 ಮಾತ್ರ. ಪಶ್ಚಾತ್ತಾಪದ ಸುದ್ದಿ ಅಷ್ಟು ಬೆಂಕಿ ಹಚ್ಚಿದ್ದು ಇದಕ್ಕೇ. ಪಶ್ಚಾತ್ತಾಪ ಪಟ್ಟವರು ಬಹಳ ಎಂದಲ್ಲ, ಗೆಲುವಿನ ಅಂಚು ತೆಳು ಎಂದು.

ಇನ್ನೊಂದು ಅಂಕಿ ನನಗೆ ಬಹಳ ಮುಖ್ಯ ಅನಿಸುತ್ತದೆ. ಮತದಾನದ ದಿನ ಲಾರ್ಡ್ ಆ್ಯಶ್‌ಕ್ರಾಫ್ಟ್ 12 ಸಾವಿರಕ್ಕೂ ಹೆಚ್ಚು ಮತದಾರರನ್ನು ಕೇಳಿಸಿದ ಸಮೀಕ್ಷೆಯಲ್ಲಿ ಶೇ. 70 ಜನ ‘ಉಳಿಯೋಣ’ ಕಡೆ ಗೆಲ್ಲುತ್ತದೆ ಅಂದುಕೊಂಡಿದ್ದರು. ‘ಹೊರಬರೋಣ’ ಎಂದು ಮತ ಹಾಕಿದವರಲ್ಲಿಯೇ ಅರ್ಧಕ್ಕಿಂತ ಹೆಚ್ಚು ಜನ ತಮ್ಮ ಕಡೆ ಸೋಲುತ್ತದೆ ಎಂದು ನಂಬಿದ್ದರು. ಸುಮಾರು ಕಾಲುಭಾಗ ಮತದಾರರು ಕೊನೆಯ ವಾರದಲ್ಲಿ ಮನಸ್ಸು ಮಾಡಿದವರು, ಹತ್ತರಲ್ಲಿ ಒಬ್ಬರು ಅದೇ ದಿನ. ಹೇಗಿದ್ದರೂ ಗೆಲ್ಲುವುದಿಲ್ಲ, ನಮ್ಮ ಸಿಟ್ಟು ಮಾತ್ರ ದೆಹಲಿಗೆ ಮುಟ್ಟಲಿ ಎಂದು ನಮ್ಮಲ್ಲೂ ಮತ ಹಾಕುವವರಿದ್ದಾರೆ. ಸಾಮಾನ್ಯ ಚುನಾವಣೆಯಲ್ಲಿ ನೂರಾರು ಕ್ಷೇತ್ರಗಳಿರುತ್ತವೆ, ಆ ಸಿಟ್ಟು ಹಂಚಿಹೋಗುತ್ತದೆ. ಜನಮತಗಣನೆಯಲ್ಲಿ ಇಡೀ ದೇಶ ಒಂದೇ ಕ್ಷೇತ್ರ. ಬುದ್ಧಿ ಕಲಿಸಲು ಹಾಕಿದ ಮತವೂ ಅಲ್ಲಿ ತೀರ್ಮಾನದ ಮತವೇ. ಅಂಥವರಿಗೆ ಶುಕ್ರವಾರ ಬೆಳಿಗ್ಗೆ ಆದದ್ದು ಗಾಬರಿ. ಗಾಬರಿಯನ್ನು ಪಶ್ಚಾತ್ತಾಪ ಎಂದು ಎಣಿಸಬಾರದು. ಒಂದೆರಡು ತಿಂಗಳಲ್ಲಿ ಅಂಥವರಲ್ಲಿ ಬಹಳ ಜನ ತಮ್ಮ ಮತದ ಜೊತೆ ರಾಜಿಯಾದರು.

ಸಮೀಕ್ಷೆ ಓದುವಾಗ ಪ್ರಶ್ನೆ ಯಾವುದು ಎಂದು ಮೊದಲು ನೋಡಬೇಕು. ‘ಇಂದು ಮತದಾನವಾದರೆ ಹೇಗೆ ಮತ ಹಾಕುತ್ತೀರಿ’ ಎಂಬುದು ಒಂದು. ‘ಹಿಂತಿರುಗಿ ನೋಡಿದರೆ ಬ್ರಿಟನ್ ಹೊರಬಂದದ್ದು ಸರಿಯೋ ತಪ್ಪೋ’ ಎಂಬುದು ಇನ್ನೊಂದು. ‘ಮತ್ತೆ ಒಕ್ಕೂಟ ಸೇರಬೇಕೋ’ ಎಂಬುದು ಮೂರನೆಯದು. ಒಬ್ಬನೇ ಮನುಷ್ಯ ಮೂರಕ್ಕೂ ಬೇರೆ ಬೇರೆ ದಿಕ್ಕಿನ ಉತ್ತರ ಕೊಡಬಹುದು: ಹೊರಬಂದದ್ದು ತಪ್ಪು, ಆದರೂ ಈಗ ಮತ್ತೆ ಆ ಗದ್ದಲ ಬೇಡ ಎಂದು. ಯೂಗವ್ ಎಂಬ ಸಂಸ್ಥೆಯ 2017ರ ಸಮೀಕ್ಷೆಯಲ್ಲಿ ಮತದಾರರ ಕಾಲುಭಾಗದಷ್ಟು ಜನ ಹೀಗೇ ಇದ್ದರು. ತಾವು ‘ಉಳಿಯೋಣ’ ಎಂದು ಬಯಸಿದ್ದರೂ ಜನರ ತೀರ್ಪು ಬಂದ ಮೇಲೆ ಸರ್ಕಾರ ಅದನ್ನು ನಡೆಸಬೇಕು ಅಂದವರು. ಸೋತ ಮೇಲೂ ತೀರ್ಪನ್ನು ಒಪ್ಪಿದ ಇವರ ಬಗ್ಗೆ ಯಾರೂ ದೊಡ್ಡ ಸುದ್ದಿ ಬರೆಯಲಿಲ್ಲ. ನನ್ನ ಮಟ್ಟಿಗೆ ಆ ವರ್ಷ ಅಲ್ಲಿ ಪ್ರಜಾಪ್ರಭುತ್ವವನ್ನು ಹಿಡಿದು ನಿಲ್ಲಿಸಿದವರು ಇವರೇ.

ಇನ್ನು ಆ ಎರಡನೇ ಪ್ರಶ್ನೆಗೆ ವರ್ಷಾನುವರ್ಷ ಬಂದ ಉತ್ತರ. 2016ರ ಆಗಸ್ಟ್‌ನಲ್ಲಿ ‘ಸರಿ’ ಶೇ. 46, ‘ತಪ್ಪು’ ಶೇ. 42. 2017ರ ಮಧ್ಯದಿಂದ ‘ತಪ್ಪು’ ಕೂದಲೆಳೆಯಷ್ಟು ಮುಂದೆ. 2022ರ ನವೆಂಬರ್‌ನಲ್ಲಿ ‘ತಪ್ಪು’ ಶೇ. 56, ‘ಸರಿ’ ಶೇ. 32. ಇದನ್ನು ಕಂಡ ತಕ್ಷಣ ಬ್ರಿಟಿಷರು ಗುಂಪುಗುಂಪಾಗಿ ಪಶ್ಚಾತ್ತಾಪ ಪಟ್ಟರು ಎಂದು ಬರೆಯುವುದು ಸುಲಭ. ಅದೇ ಸಮೀಕ್ಷೆಯ ಒಳಗೆ ಇಳಿದರೆ ‘ಹೊರಬರೋಣ’ ಅಂದವರಲ್ಲಿ ತಪ್ಪಾಯಿತು ಎನ್ನುವವರು ಐವರಲ್ಲಿ ಒಬ್ಬರು. ಉಳಿದ ಬದಲಾವಣೆ ಎಲ್ಲಿಂದ ಬಂತು? ಅಂದು ಮತ ಹಾಕದೆ ಮನೆಯಲ್ಲಿ ಕುಂತವರಿಂದ, ಮತ್ತು ಅಂದು 18 ತುಂಬಿರದವರಿಂದ. ಜಾನ್ ಕರ್ಟಿಸ್ ಎಂಬ ಚುನಾವಣಾ ಶಾಸ್ತ್ರಜ್ಞರು ಇದನ್ನು ಮತ್ತೆ ಮತ್ತೆ ತೋರಿಸಿದ್ದಾರೆ.

ಒಂದು ಲೆಕ್ಕ ಹಾಕಿ ನೋಡೋಣ. ಇದು ಬಗೆ ತಿಳಿಯಲಿ ಎಂದು ಹಾಕುವ ಅಂದಾಜು, ಸಮೀಕ್ಷೆಯ ಅಂಕಿಯಲ್ಲ. ಬ್ರಿಟನ್ನಿನಲ್ಲಿ ವರ್ಷಕ್ಕೆ ಸುಮಾರು 6 ಲಕ್ಷ ಜನ ತೀರಿಕೊಳ್ಳುತ್ತಾರೆ, ಹೆಚ್ಚಿನವರು ವಯಸ್ಸಾದವರು. 5 ಲಕ್ಷ ಜನ ಮತ ಹಾಕಿದ್ದವರು ಅನ್ನಿ. ವಯಸ್ಸಾದವರಲ್ಲಿ ‘ಹೊರಬರೋಣ’ ಶೇ. 60ರ ಸುಮಾರು ಇತ್ತು. ಹಾಗಾದರೆ ವರ್ಷಕ್ಕೆ ಅಂತರ 1 ಲಕ್ಷ ಕರಗಿತು. ಹೊಸದಾಗಿ 18 ತುಂಬುವವರು ಸುಮಾರು 7 ಲಕ್ಷ. ಅವರಲ್ಲಿ ಶೇ. 60 ಮತ ಹಾಕಿ, ಹತ್ತರಲ್ಲಿ ಏಳು ಮಂದಿ ‘ಉಳಿಯೋಣ’ ಅಂದರೆ ಇನ್ನೂ 1 ಲಕ್ಷ 68 ಸಾವಿರ ಕರಗಿತು. ಎರಡೂ ಕೂಡಿ 2 ಲಕ್ಷ 68 ಸಾವಿರ. 12 ಲಕ್ಷ 70 ಸಾವಿರವನ್ನು ಇದರಿಂದ ಭಾಗಿಸಿರಿ: ಐದು ವರ್ಷಕ್ಕೆ ಸ್ವಲ್ಪ ಕಡಿಮೆ. ಒಬ್ಬನೇ ಒಬ್ಬ ಮತದಾರ ಮನಸ್ಸು ಬದಲಿಸದಿದ್ದರೂ ಐದು ವರ್ಷದಲ್ಲಿ ದೇಶದ ಉತ್ತರ ಬದಲಾಗುತ್ತದೆ. ಬ್ರಿಟನ್ ಒಕ್ಕೂಟದ ನಿಯಮಗಳಿಂದ ಪೂರ್ತಿ ಹೊರಬಿದ್ದದ್ದು 2020ರ ಡಿಸೆಂಬರ್ 31ರಂದು, ಮತದಾನವಾಗಿ ನಾಲ್ಕೂವರೆ ವರ್ಷಕ್ಕೆ. ತೀರ್ಪು ಕೊಟ್ಟವರು ಒಂದು ಪೀಳಿಗೆ, ಅದರಡಿ ಬಾಳುವವರು ಇನ್ನೊಂದು. ‘ಪಶ್ಚಾತ್ತಾಪ’ ಎಂದು ಸುದ್ದಿಯಲ್ಲಿ ಬರುವುದರ ದೊಡ್ಡ ಪಾಲು ಇದೇ, ಕೊರಗಲ್ಲ.

ಇಲ್ಲಿ ಇನ್ನೊಂದು ತೊಡಕಿದೆ. ಮನುಷ್ಯನ ನೆನಪು ಪ್ರಾಮಾಣಿಕವಾಗಿಯೇ ತಪ್ಪುತ್ತದೆ. ಐದು ವರ್ಷದ ನಂತರ ‘ಅಂದು ಯಾವ ಕಡೆ ಮತ ಹಾಕಿದಿರಿ’ ಎಂದರೆ, ಇಂದಿನ ಅಭಿಪ್ರಾಯಕ್ಕೆ ಹೊಂದುವ ಉತ್ತರ ಬಾಯಿಗೆ ಬರುತ್ತದೆ. ಮನಸ್ಸು ಬದಲಿಸಿದವನು ತಾನು ಮೊದಲಿನಿಂದಲೂ ಹಾಗೇ ಇದ್ದೆ ಅಂದುಕೊಳ್ಳುತ್ತಾನೆ. ಅವನ ಪಶ್ಚಾತ್ತಾಪ ಲೆಕ್ಕಕ್ಕೇ ಸಿಗುವುದಿಲ್ಲ. ಅದಕ್ಕೇ ಒಳ್ಳೆಯ ಸಂಸ್ಥೆಗಳು ಮತದಾನವಾದ ಕೂಡಲೇ ಕೇಳಿ ಬರೆದಿಟ್ಟ ಉತ್ತರವನ್ನು ಕಾದಿಟ್ಟುಕೊಂಡು, ಮುಂದೆ ಅದೇ ಜನರನ್ನು ಮತ್ತೆ ಮತ್ತೆ ಕೇಳುತ್ತವೆ. ಹಾಗೆ ಮಾಡದ ಸಮೀಕ್ಷೆಯ ಪಶ್ಚಾತ್ತಾಪದ ಅಂಕಿಯನ್ನು ನಾನು ನೆಚ್ಚುವುದಿಲ್ಲ.

ನಿಜವಾಗಿ ಮನಸ್ಸು ಬದಲಿಸಿದ ಆ ಐವರಲ್ಲೊಬ್ಬರನ್ನು ಈಗ ನೋಡಿರಿ. ಅವರೂ ಒಂದೇ ಗುಂಪಲ್ಲ. ದರ ಏರಿತು, ವ್ಯಾಪಾರಕ್ಕೆ ಕಾಗದಪತ್ರ ಹೆಚ್ಚಾಯಿತು ಎಂದು ಕೊರಗುವವರಿದ್ದಾರೆ. ಸರ್ಕಾರಿ ಬಜೆಟ್ ಅಂದಾಜು ಮಾಡುವ ಅಲ್ಲಿಯ ಸ್ವತಂತ್ರ ಕಚೇರಿ, ಉತ್ಪಾದಕತೆ ದೀರ್ಘಕಾಲದಲ್ಲಿ ಶೇ. 4ರಷ್ಟು ಕಡಿಮೆಯಾಗುತ್ತದೆ ಎಂದು ಲೆಕ್ಕ ಹಿಡಿದಿದೆ. ಇನ್ನೊಂದು ಗುಂಪಿನ ಕೊರಗು ತದ್ವಿರುದ್ಧ. ವಲಸೆ ಕಡಿಮೆಯಾಗಲಿ ಎಂದು ಮತ ಹಾಕಿದವರು ಅವರು. ಯುರೋಪಿನಿಂದ ಬರುವವರು ಕಡಿಮೆಯಾದರು. ಭಾರತ, ನೈಜೀರಿಯಾ ಮುಂತಾದ ಕಡೆಯಿಂದ ಬಂದವರು ಹೆಚ್ಚಾದರು. 2023ರ ಜೂನ್‌ಗೆ ಮುಗಿದ ವರ್ಷದಲ್ಲಿ ಬಂದವರಲ್ಲಿ ಹೋದವರನ್ನು ಕಳೆದರೆ ಉಳಿದ ಸಂಖ್ಯೆ 9 ಲಕ್ಷ ದಾಟಿತ್ತು. ಮತದಾನದ ಕಾಲದಲ್ಲಿ ಅದು 3 ಲಕ್ಷದ ಆಸುಪಾಸಿನಲ್ಲಿತ್ತು. ಬೆಳಗಾವಿ, ಬಾಗಲಕೋಟೆಯಿಂದ ಆ ವರ್ಷಗಳಲ್ಲಿ ಓದಲು, ನರ್ಸಿಂಗ್ ಕೆಲಸಕ್ಕೆ ಹೋದ ನಮ್ಮ ಮಕ್ಕಳನ್ನು ಈ ಹಿನ್ನೆಲೆಯಲ್ಲಿ ನೆನೆಯಿರಿ. ಮೂರನೆಯ ಗುಂಪು ತಪ್ಪಾಯಿತು ಎನ್ನುವುದೇ ಇಲ್ಲ. ತೀರ್ಮಾನ ಸರಿ, ನಡೆಸಿದವರು ಕೆಡಿಸಿದರು ಅನ್ನುತ್ತದೆ. ಇದು ಬಹಳ ದೊಡ್ಡ ಗುಂಪು. ಸ್ವಂತ ವ್ಯಾಪಾರ ಒಪ್ಪಂದದ ಸ್ವಾತಂತ್ರ್ಯ ಸಿಕ್ಕಿತು ಎಂದು ಸಮಾಧಾನದಲ್ಲಿರುವವರೂ ಇದ್ದಾರೆ. 2025ರ ಜುಲೈ 24ರಂದು ಭಾರತದೊಂದಿಗೆ ಸಹಿಯಾದ ಒಪ್ಪಂದವನ್ನು ಅವರು ಮುಂದೆ ಮಾಡುತ್ತಾರೆ, ಅದು ನ್ಯಾಯವಾದ ವಾದವೇ.

ಒಂದೇ ಗುಂಡಿಗೆ ಇಷ್ಟು ವಿರುದ್ಧ ಆಸೆಗಳು ಹೇಗೆ ಬಿದ್ದವು? ನನ್ನ ಇಂದಿನ ಮುಖ್ಯ ಮಾತು ಇಲ್ಲಿದೆ. ಪ್ರಶ್ನೆ ಕೇಳಿದ ರೀತಿಯೇ ಹಾಗಿತ್ತು.

ಪ್ರಶ್ನೆಯ ಮಾತುಗಳನ್ನು ಅಲ್ಲಿಯ ಚುನಾವಣಾ ಆಯೋಗ ಜನರ ಮುಂದಿಟ್ಟು ಪರೀಕ್ಷಿಸಿತ್ತು. ಸರ್ಕಾರ ಮೊದಲು ಬರೆದದ್ದು ‘ಸದಸ್ಯನಾಗಿ ಉಳಿಯಬೇಕೇ’ ಎಂದು. ಉತ್ತರ ಹೌದು ಅಥವಾ ಇಲ್ಲ. ಇದು ಒಂದು ಕಡೆ ವಾಲುತ್ತದೆ ಎಂದು ಆಯೋಗ 2015ರಲ್ಲಿ ತಿದ್ದಿಸಿತು. ‘ಉಳಿಯಬೇಕೋ, ಹೊರಬರಬೇಕೋ’ ಎಂದಾಯಿತು. ಮಾತು ಸಮವಾಯಿತು. ಆದರೆ ಎರಡು ಉತ್ತರಗಳ ತೂಕ ಸಮವಾಗಲಿಲ್ಲ. ‘ಉಳಿಯೋಣ’ ಅಂದರೆ ಕಣ್ಣೆದುರು ಇರುವ, ಎಲ್ಲರೂ ಬಲ್ಲ ಒಂದು ಸ್ಥಿತಿ. ‘ಹೊರಬರೋಣ’ ಅಂದರೆ ಐದಾರು ಬೇರೆ ಬೇರೆ ಜಾಗಗಳು: ನಾರ್ವೆಯಂತೆ ಒಕ್ಕೂಟದ ಮಾರುಕಟ್ಟೆಯೊಳಗೇ ಇರುವುದು, ಟರ್ಕಿಯಂತೆ ಸುಂಕದ ಒಪ್ಪಂದ ಇಟ್ಟುಕೊಳ್ಳುವುದು, ಕೆನಡಾದಂತೆ ವ್ಯಾಪಾರ ಒಪ್ಪಂದ ಮಾಡುವುದು, ಯಾವ ಒಪ್ಪಂದವೂ ಇಲ್ಲದೆ ಕಡಿದುಕೊಳ್ಳುವುದು. ಇವುಗಳಲ್ಲಿ ಒಂದೂ ಮತಪತ್ರದಲ್ಲಿ ಇರಲಿಲ್ಲ.

ನಮ್ಮ ಕಡೆ ಮನೆಯಲ್ಲಿ ವಾಟ್ನಿ, ಅಂದರೆ ಆಸ್ತಿಪಾಲು ಆಗುವುದನ್ನು ನೀವೆಲ್ಲ ಕಂಡಿದ್ದೀರಿ. ನಾಲ್ಕು ಮಂದಿ ಅಣ್ಣತಮ್ಮಂದಿರು ‘ಬ್ಯಾರೆ ಆಗೋಣ’ ಎನ್ನುವುದಕ್ಕೆ ಒಂದು ಸಂಜೆ ಸಾಕು. ಬಾವಿ ಯಾರ ಪಾಲಿಗೆ, ಹೊಲಕ್ಕೆ ಹೋಗುವ ಗಾಡಿದಾರಿ ಯಾರ ಬದುವಿನ ಮೇಲೆ, ಸೊಸೈಟಿ ಸಾಲ ಯಾರ ಹೆಸರಿಗೆ, ಅವ್ವನನ್ನು ನೋಡಿಕೊಳ್ಳುವವರು ಯಾರು ಎಂಬಲ್ಲಿಗೆ ಬಂದಾಗ ಅದೇ ನಾಲ್ವರು ಒಂದು ಮಾತಿಗೆ ಬರುವುದಿಲ್ಲ. ಅದಕ್ಕೇ ತಿಳಿದ ಹಿರಿಯರು ಪಾಲಿನ ಪಟ್ಟಿ ಬರೆದು ಓದಿ ಹೇಳಿದ ಮೇಲೆ ಒಪ್ಪಿಗೆ ಕೇಳುತ್ತಾರೆ. ಬ್ರಿಟನ್ ಮೊದಲು ಒಪ್ಪಿಗೆ ಕೇಳಿ, ಮೂರು ವರ್ಷ ಪಟ್ಟಿ ಬರೆಯುತ್ತಾ ಕುಂತಿತು.

ಆ ಪಟ್ಟಿಯ ಗತಿ ಏನಾಯಿತು ಎನ್ನುವುದಕ್ಕೆ ಸಂಸತ್ತಿನ ದಾಖಲೆಯೇ ಇದೆ. 2019ರ ಜನವರಿ 15ರಂದು ಪ್ರಧಾನಿ ಥೆರೇಸಾ ಮೇ ತಂದ ಒಪ್ಪಂದ 202ಕ್ಕೆ 432 ಮತಗಳಿಂದ ಬಿತ್ತು. ಮಾರ್ಚ್ 12ರಂದು ಮತ್ತೆ ಬಿತ್ತು, 29ರಂದು ಮೂರನೇ ಸಲ ಬಿತ್ತು. ನಡುವೆ ಮಾರ್ಚ್ 27ರಂದು ಸಂಸದರು ತಾವೇ ಎಂಟು ದಾರಿಗಳನ್ನು ಮುಂದಿಟ್ಟುಕೊಂಡು ಒಂದೊಂದಕ್ಕೂ ಮತ ಹಾಕಿದರು. ಎಂಟಕ್ಕೂ ಬಹುಮತ ಸಿಗಲಿಲ್ಲ. ಏಪ್ರಿಲ್ 1ರಂದು ನಾಲ್ಕಕ್ಕೆ ಇಳಿಸಿ ಮತ್ತೆ ಹಾಕಿದರು. ಸುಂಕದ ಒಕ್ಕೂಟದಲ್ಲಿ ಉಳಿಯುವ ದಾರಿ 273ಕ್ಕೆ 276, ಮೂರೇ ಮತದಿಂದ ಸೋತಿತು. ಒಪ್ಪಂದವನ್ನು ಮತ್ತೆ ಜನರ ಮುಂದಿಡುವ ದಾರಿ 280ಕ್ಕೆ 292ರಲ್ಲಿ ಸೋತಿತು. ಸಂಸದರು ಬುದ್ಧಿಗೇಡಿಗಳು ಎಂದು ಇದನ್ನು ಓದಬೇಡಿರಿ. ಮೂರು ಅಥವಾ ಹೆಚ್ಚು ದಾರಿಗಳಿದ್ದಾಗ ಪ್ರತಿಯೊಂದರ ವಿರುದ್ಧವೂ ಬಹುಮತ ಕೂಡಬಲ್ಲದು ಎಂದು ಫ್ರಾನ್ಸಿನ ಕಾಂಡೋರ್ಸೆ 18ನೇ ಶತಮಾನದಲ್ಲೇ ಗಣಿತದಿಂದ ತೋರಿಸಿದ್ದ. ಎರಡೇ ಉತ್ತರದ ಪ್ರಶ್ನೆ ಆ ತೊಡಕನ್ನು ಬಿಡಿಸುವುದಿಲ್ಲ. ಮತದಾನದ ಆಚೆ ದಿನಕ್ಕೆ ದೂಡುತ್ತದೆ ಅಷ್ಟೇ.

ಬೇರೆಯಾಗಿ ಕೇಳಬಹುದಿತ್ತೇ? ಕೇಳಿದ ಉದಾಹರಣೆಗೆ ದೂರ ಹೋಗಬೇಕಿಲ್ಲ. ಇಲ್ಲಿಂದ ಚೋರ್ಲಾ ಘಾಟ್ ಇಳಿದರೆ ಗೋವಾ. 1967ರ ಜನವರಿ 16ರಂದು ಅಲ್ಲಿ ನಡೆದದ್ದು ಸ್ವತಂತ್ರ ಭಾರತದ ಬಹಳ ಅಪರೂಪದ ಜನಮತಗಣನೆ. ನಮ್ಮ ಸಂವಿಧಾನದಲ್ಲಿ ಜನಮತಗಣನೆಗೆ ಜಾಗವಿಲ್ಲ. ಅದಕ್ಕೆಂದೇ 1966ರಲ್ಲಿ ಸಂಸತ್ತು ಬೇರೆ ಕಾಯ್ದೆ ಮಾಡಬೇಕಾಯಿತು. ಮತಪತ್ರದಲ್ಲಿ ಎರಡು ಗುರುತು. ಹೂವು ಅಂದರೆ ಮಹಾರಾಷ್ಟ್ರದಲ್ಲಿ ವಿಲೀನ. ಎರಡು ಎಲೆ ಅಂದರೆ ಕೇಂದ್ರಾಡಳಿತ ಪ್ರದೇಶವಾಗಿಯೇ ಉಳಿಯುವುದು. ಎರಡೂ ಕಡೆ ತಲುಪುವ ಊರಿನ ಹೆಸರು ಇದೆ, ನೋಡ್ರಿ. ಎಲೆಗೆ 1,72,191, ಹೂವಿಗೆ 1,38,170. ಅಂತರ 34,021. ಆಡಳಿತ ಒಂದು ಕಡೆ ವಾಲಬಾರದೆಂಬ ಒತ್ತಾಯಕ್ಕೆ ಮುಖ್ಯಮಂತ್ರಿ ದಯಾನಂದ ಬಾಂದೋಡಕರ್ ಮತದಾನಕ್ಕೆ ಮುಂಚೆ ರಾಜೀನಾಮೆ ಕೊಟ್ಟಿದ್ದರು. ಅವರೇ ವಿಲೀನದ ಪಾಳಯದ ನಾಯಕರು, ಅವರ ಕಡೆ ಸೋತಿತು. ಎರಡು ತಿಂಗಳಲ್ಲಿ ವಿಧಾನಸಭೆ ಚುನಾವಣೆ ಬಂತು. ಅದೇ ಜನ ಅದೇ ಬಾಂದೋಡಕರ್ ಅವರ ಪಕ್ಷವನ್ನು ಮತ್ತೆ ಅಧಿಕಾರಕ್ಕೆ ತಂದರು. ನಿಮ್ಮ ನಾಯಕತ್ವ ಬೇಕು, ವಿಲೀನ ಬೇಡ ಎಂದು ಎರಡು ಪ್ರಶ್ನೆಗೆ ಎರಡು ಉತ್ತರ ಕೊಟ್ಟರು. ಪ್ರಶ್ನೆ ಸ್ಪಷ್ಟವಿದ್ದರೆ ಮತದಾರ ಎಷ್ಟು ಸ್ಪಷ್ಟ ಇರಬಲ್ಲ ಎನ್ನುವುದಕ್ಕೆ ನಾನು ಯಾವಾಗಲೂ ಇದನ್ನೇ ಹೇಳುತ್ತೇನೆ. ಹೊರಗಿದ್ದ ಗೋವನ್ನರಿಗೆ ಮತ ಸಿಗಲಿಲ್ಲ ಎಂಬ ಅಸಮಾಧಾನ ಅಲ್ಲೂ ಇತ್ತು. ಯಾರು ಮತದಾರ ಎಂಬ ಜಗಳ ಯಾವ ಜನಮತಗಣನೆಯನ್ನೂ ಬಿಟ್ಟಿಲ್ಲ.

ನ್ಯೂಜಿಲೆಂಡ್ ಚುನಾವಣಾ ಪದ್ಧತಿ ಬದಲಿಸುವಾಗ ಎರಡು ಮೆಟ್ಟಿಲು ಇಟ್ಟಿತು. 1992ರಲ್ಲಿ ಬದಲಾವಣೆ ಬೇಕೋ ಬೇಡವೋ, ಬೇಕಾದರೆ ನಾಲ್ಕು ಪದ್ಧತಿಗಳಲ್ಲಿ ಯಾವುದು ಎಂದು ಕೇಳಿದರು. 1993ರಲ್ಲಿ ಆ ಗೆದ್ದ ಪದ್ಧತಿಯನ್ನು ಹಳೆಯದರ ಎದುರು ನಿಲ್ಲಿಸಿದರು. ಎರಡನೇ ಮತದಾನಕ್ಕೆ ಮುಂಚೆಯೇ ಪೂರ್ತಿ ಕಾಯ್ದೆ ಬರೆದು ಅಂಗೀಕರಿಸಿ, ಜನ ಒಪ್ಪಿದರೆ ಮಾತ್ರ ಜಾರಿ ಎಂದಿದ್ದರು. ಐರ್ಲೆಂಡ್ 2018ರಲ್ಲಿ ಗರ್ಭಪಾತದ ವಿಷಯಕ್ಕೆ ಮತ ಕೇಳುವ ಮೊದಲು ಚೀಟಿ ಎತ್ತಿದಂತೆ ಆಯ್ದ 99 ಸಾಮಾನ್ಯ ನಾಗರಿಕರನ್ನು ತಿಂಗಳುಗಟ್ಟಲೆ ಕೂರಿಸಿ ವೈದ್ಯರು, ವಕೀಲರು, ಎರಡೂ ಪಕ್ಷದವರ ಮಾತು ಕೇಳಿಸಿತು. ಜನ ಒಪ್ಪಿದರೆ ತರುವ ಕಾಯ್ದೆಯ ಕರಡನ್ನು ಮತದಾನಕ್ಕೆ ಮುಂಚೆ ಪ್ರಕಟಿಸಿತು. ಧರ್ಮ, ಕುಟುಂಬ ಎರಡನ್ನೂ ಮುಟ್ಟುವ ಆ ವಿಷಯದಲ್ಲಿ ಶೇ. 66.4 ಮತದಿಂದ ತೀರ್ಮಾನವಾಯಿತು.

ಅಂತರದ ಕಟ್ಟಳೆ ಹಾಕಿದರೆ ಸಾಕು ಎಂದು ಕೆಲವರು ಹೇಳುತ್ತಾರೆ. ನಮ್ಮ ಸಂವಿಧಾನದ 368ನೇ ವಿಧಿ ಹಾಗೇ ಇದೆ: ಒಟ್ಟು ಸದಸ್ಯರ ಬಹುಮತ, ಹಾಜರಿದ್ದು ಮತ ಹಾಕಿದವರ ಮೂರನೇ ಎರಡು ಭಾಗ, ಕೆಲವು ವಿಷಯಗಳಿಗೆ ಅರ್ಧದಷ್ಟು ರಾಜ್ಯಗಳ ಒಪ್ಪಿಗೆಯೂ. ಬ್ರೆಕ್ಸಿಟ್ ಮತದಾನವಾದ ಅದೇ 2016ರಲ್ಲಿ ಜಿಎಸ್‌ಟಿ ತಿದ್ದುಪಡಿ ಈ ಎಲ್ಲ ಮೆಟ್ಟಿಲು ಹತ್ತಿ ಬಂತು. ಆದರೆ ಕಟ್ಟಳೆಯೂ ಕಹಿ ಉಳಿಸಬಲ್ಲದು. 1979ರಲ್ಲಿ ಸ್ಕಾಟ್ಲೆಂಡಿಗೆ ಸ್ವಂತ ಶಾಸನಸಭೆ ಬೇಕೇ ಎಂದು ಕೇಳಿದಾಗ, ಪಟ್ಟಿಯಲ್ಲಿರುವ ಮತದಾರರಲ್ಲಿ ಶೇ. 40 ಮಂದಿ ‘ಬೇಕು’ ಅನ್ನಬೇಕು ಎಂಬ ಷರತ್ತಿತ್ತು. ಮತ ಹಾಕಿದವರಲ್ಲಿ ಶೇ. 51.6 ‘ಬೇಕು’ ಅಂದರು, ಪಟ್ಟಿಯ ಲೆಕ್ಕದಲ್ಲಿ ಅದು ಶೇ. 33 ಮಾತ್ರ. ಸಭೆ ಬರಲಿಲ್ಲ. ಪಟ್ಟಿಯಲ್ಲಿ ಹೆಸರು ಉಳಿದ ಸತ್ತವರೂ ‘ಬೇಡ’ ಅಂದಂತಾಯಿತು ಎಂಬ ಸಿಟ್ಟು ಅಲ್ಲಿ ಇಪ್ಪತ್ತು ವರ್ಷ ಉಳಿಯಿತು. ಮತ ಹಾಕದವರನ್ನು ಒಂದು ಕಡೆಗೆ ಎಣಿಸುವ ಕಟ್ಟಳೆಗಿಂತ ಆಸ್ಟ್ರೇಲಿಯಾದ ದಾರಿ ನನಗೆ ಮೇಲು ಅನಿಸುತ್ತದೆ: ದೇಶದ ಒಟ್ಟು ಬಹುಮತ, ಜೊತೆಗೆ ಆರು ರಾಜ್ಯಗಳಲ್ಲಿ ಕನಿಷ್ಠ ನಾಲ್ಕರಲ್ಲಿ ಬಹುಮತ. ಆ ನಿಯಮ ಬ್ರಿಟನ್ನಿನ ನಾಲ್ಕು ಭಾಗಗಳಿಗೆ ಇದ್ದು, ಮೂರರಲ್ಲಾದರೂ ಬಹುಮತ ಬೇಕು ಎಂದಿದ್ದರೆ 2016ರ ತೀರ್ಪು ಎರಡಕ್ಕೆ ಎರಡರಲ್ಲಿ ನಿಲ್ಲುತ್ತಿತ್ತು.

ಸುಳ್ಳು ಅಂಕಿಗೆ ಏನು ಮಾಡಬೇಕು ಎಂದು ಸಭೆಯಲ್ಲಿ ಒಬ್ಬರು ಚೀಟಿ ಕಳಿಸಿದ್ದಾರೆ. ಸ್ವಿಟ್ಜರ್ಲೆಂಡ್ ಒಂದು ಉತ್ತರ ಕೊಟ್ಟಿದೆ. 2016ರ ಫೆಬ್ರವರಿ 28ರಂದು ಅಲ್ಲಿ ದಂಪತಿಗಳ ತೆರಿಗೆ ವಿಷಯದ ಜನಮತಗಣನೆ ನಡೆದು ಶೇ. 50.8 ಮತದಿಂದ ತಿರಸ್ಕಾರವಾಯಿತು. ಇಬ್ಬರೂ ದುಡಿಯುವ ಸುಮಾರು 80 ಸಾವಿರ ದಂಪತಿಗಳಿಗೆ ಹೆಚ್ಚು ತೆರಿಗೆ ಬೀಳುತ್ತಿದೆ ಎಂದು ಸರ್ಕಾರ ಮತದಾರರಿಗೆ ಹೇಳಿತ್ತು. ಆಮೇಲೆ ಲೆಕ್ಕ ತಪ್ಪಿದೆ, ಅಂಥವರು 4 ಲಕ್ಷ 54 ಸಾವಿರ ಎಂದು ಸರ್ಕಾರವೇ ತಿದ್ದಿತು. 2019ರ ಏಪ್ರಿಲ್‌ನಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಆ ಮತದಾನವನ್ನೇ ರದ್ದು ಮಾಡಿತು. ಆದರೆ ಗಮನಿಸಿರಿ, ತಪ್ಪು ಅಂಕಿ ಕೊಟ್ಟದ್ದು ಸರ್ಕಾರ, ಅಂತರ ಬಹಳ ತೆಳು. ಪ್ರಚಾರದ ಬಸ್ಸಿನ ಮೇಲಿನ ಮಾತಿಗೆ ಈ ಮದ್ದು ನಡೆಯುವುದಿಲ್ಲ. ಅದಕ್ಕೆ ಪ್ರಚಾರದ ದಿನಗಳಲ್ಲೇ ಅಂಕಿ ಪರಿಶೀಲಿಸಿ ಮನೆಮನೆಗೆ ತಿಳಿಸುವ ಸ್ವತಂತ್ರ ಸಂಸ್ಥೆ ಬೇಕು.

ಕೊನೆಯ ಪ್ರಶ್ನೆ ಇಲ್ಲಿಯ ವಿದ್ಯಾರ್ಥಿನಿಯೊಬ್ಬರದು: ಅಷ್ಟು ಜನ ತಪ್ಪಾಯಿತು ಅನ್ನುತ್ತಿದ್ದರೆ ಮತ್ತೆ ಸೇರಬಾರದೇಕೆ? ಮತ್ತೆ ಕೇಳುವುದು ತಪ್ಪಲ್ಲ, ತಂಗಿ. ಐರ್ಲೆಂಡ್ ಯುರೋಪಿಯನ್ ಒಕ್ಕೂಟದ ಲಿಸ್ಬನ್ ಒಪ್ಪಂದವನ್ನು 2008ರಲ್ಲಿ ಶೇ. 53.4 ಮತದಿಂದ ಬೇಡ ಅಂದು 2009ರಲ್ಲಿ ಶೇ. 67.1 ಮತದಿಂದ ಒಪ್ಪಿತು. ನಡುವೆ ತೆರಿಗೆ, ಸೇನಾ ತಟಸ್ಥತೆ, ಗರ್ಭಪಾತ ಕಾನೂನುಗಳ ಬಗ್ಗೆ ಬರಹದ ಭರವಸೆ ಪಡೆದಿತ್ತು. ಎರಡನೇ ಸಲ ಜನರ ಮುಂದೆ ಹೊಸದೇನೋ ಇತ್ತು. ಬ್ರಿಟನ್ನಿಗೆ ಈಗ ಬಾಗಿಲು ಬೇರೆ. ಹೊರಬರುವ ನೋಟಿಸನ್ನು ಹಿಂಪಡೆಯಲು 2020ರ ಜನವರಿ 31ರವರೆಗೆ ಅವಕಾಶವಿತ್ತು, ಅದು ಮುಗಿಯಿತು. ಇನ್ನು ಹೊಸ ದೇಶದಂತೆ ಒಕ್ಕೂಟದ ಮೂಲ ಒಪ್ಪಂದದ 49ನೇ ವಿಧಿಯಡಿ ಅರ್ಜಿ ಹಾಕಬೇಕು. 27 ದೇಶಗಳೂ ಒಪ್ಪಬೇಕು, ಪ್ರತಿ ದೇಶವೂ ತನ್ನ ಪದ್ಧತಿಯಂತೆ ಒಪ್ಪಂದವನ್ನು ಅಂಗೀಕರಿಸಬೇಕು. ಥ್ಯಾಚರ್ ಪಡೆದ ರಿಯಾಯಿತಿ, ಪೌಂಡ್ ಉಳಿಸಿಕೊಳ್ಳುವ ವಿನಾಯಿತಿ ತಾವಾಗಿ ತಿರುಗಿ ಬರುವುದಿಲ್ಲ. ‘ಮತ್ತೆ ಸೇರಬೇಕೇ’ ಎಂದು ಬರೀ ಕೇಳಿದರೆ ಸಮೀಕ್ಷೆಗಳಲ್ಲಿ ಹೆಚ್ಚಿನವರು ‘ಹೌದು’ ಅನ್ನುತ್ತಾರೆ. ‘ಪೌಂಡ್ ಬಿಟ್ಟು ಯೂರೋ ಹಿಡಿಯಬೇಕಾದರೆ?’ ಎಂದು ಸೇರಿಸಿದ ಕೂಡಲೇ ಆ ಸಂಖ್ಯೆ ಇಳಿಯುತ್ತದೆ. ಯಾವ ಷರತ್ತಿನ ಮೇಲೆ ಎಂಬುದನ್ನು ಮೊದಲು ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್‌ನಲ್ಲಿ ಕೂತು ಬರೆದು, ಅದನ್ನು ಮತಪತ್ರಕ್ಕೆ ಹಚ್ಚಿ, ಆಮೇಲೆ ಕೇಳಲಿ.